ಆಚೆ ದಡದ ಅಂಬಿಗ

ಊರ ಆಸ್ಪತ್ರೆಯ ಗೋಡೆಯ ಮೇಲೆ ಒಬ್ಬ ರೂಟರಣ್ಣನಿದ್ದ. ರಕ್ತಪರೀಕ್ಷೆಯ ವರದಿ ಕೇಳಲು ದೂರದ ಸರ್ವರ್‌ಗೆ ಹೊರಟ ಪ್ರತಿ ಸಂದೇಶಕ್ಕೂ ಅವನು ತಾನು ಬರೆದಿಟ್ಟುಕೊಂಡ ದಾರಿ ನೋಡಿ, "ಗುಡ್ಡದ ಮೇಲಿನ ರೂಟರ್ ಹತ್ತಿರ ಹೋಗು, ದಾಟಿಸುತ್ತಾನೆ" ಎಂದು ಹೇಳಿ ಕಳಿಸುತ್ತಿದ್ದ. ಹೋದದ್ದು ಒಂದೂ ಮರಳಲಿಲ್ಲ. ಒಳಗೆ ಹಾಸಿಗೆಯಲ್ಲಿ ಒಂದು ಮಗು ಆ ವರದಿಗಾಗಿ ಕಾದು ಮಲಗಿತ್ತು.

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ಅಲ್ಲೇ ಕೂತುಬಿಟ್ಟವು, ಉಪಕಾರಗೇಡಿಗಳು!" ಎಂದು ರೂಟರಣ್ಣ ಸಿಡುಕಿದ.

ಗುಡ್ಡದ ರೂಟರ್ ನಕ್ಕ. "ತಮ್ಮಾ, ಅವು ತಲುಪಿವೆ. ಉತ್ತರಗಳೂ ಹೊರಟಿವೆ. ಆದರೆ ನಿನ್ನ ಮನೆ ಯಾವ ಕಡೆ ಅಂತ ಆಚೆ ದಡದಲ್ಲಿ ಸರ್ವರ್ ಪಕ್ಕ ಇರುವ ರೂಟರ್‌ಗೆ ಗೊತ್ತಿಲ್ಲ, ಹಾಗಾಗಿ ದಾರಿ ತಪ್ಪುತ್ತಿವೆ. ಹೋಗುವ ದಾರಿ ನೀನು ಬರೆದುಕೊಂಡೆ. ಬರುವ ದಾರಿ ಬರೆದುಕೊಳ್ಳಬೇಕಾದವನು ಅವನು. ಅವನನ್ನು ಒಂದು ಮಾತು ಕೇಳಿದ್ದೀಯಾ?"

ರೂಟರಣ್ಣ ಕೇಳಿರಲಿಲ್ಲ. ನಾಚುತ್ತಲೇ ತನ್ನ ಮನೆ ಯಾವ ಕಡೆ ಎಂದು ಗುಡ್ಡದವನ ಮೂಲಕ ಹೇಳಿ ಕಳಿಸಿದ. ಆಚೆಯವನು ಕೂಡಲೇ ಬರುವ ದಾರಿಯ ಒಂದು ಸಾಲು ಬರೆದುಕೊಂಡ.

ವರದಿ ಬಂತು. ಮಗುವಿಗೆ ಸರಿಯಾದ ಔಷಧ ಸಿಕ್ಕಿತು. ವರದಿ ಹೊತ್ತು ತಂದ ಸಂದೇಶ, "ನಿನ್ನಿಂದ ದಡ ಸೇರಿದೆ, ಅಣ್ಣಾ" ಎಂದು ಕೈಮುಗಿಯಿತು.

ಹೊರಡಲು ನಿಂತಿದ್ದ ಮುಂದಿನ ಸಂದೇಶವನ್ನು ಕರೆದು ರೂಟರಣ್ಣ ಹೇಳಿದ: "ನಿನ್ನ ಕೆಲಸಕ್ಕೆ ಮುಂಚೆ ಆಚೆ ದಡದವನಿಗೆ ನನ್ನ ನಮಸ್ಕಾರ ಮುಟ್ಟಿಸು. ಅಂಬಿಗನನ್ನು ಮರೆತವನು ನಾನೇ."