ಯಾರೂ ಹೇಳಿ ಮಾಡಿಸದ ಒರೆ

ಮುಪ್ಪಯ್ಯನೆಂಬ ಶಿಷ್ಯ ಗುರುಗಳನ್ನು ಕೇಳಿದ:

“ನನಗೆ ಕೇಡು ಮಾಡಿದವನೊಬ್ಬ ಬಂದು ಕಾಲಿಗೆ ಬಿದ್ದ. ಹೋಗಲಿ ಬಿಡು ಎಂದೆ. ಆದರೆ ಹಗೆ ಒಳಗೇ ಉಳಿದಿದೆ. ಅದನ್ನು ಮಾತಿನಲ್ಲಿ ತೋರಿಲ್ಲ, ಕೈಯಲ್ಲಂತೂ ಇಲ್ಲವೇ ಇಲ್ಲ. ಹೊರಗೆ ಬಾರದ ಹಗೆಯಿಂದ ಯಾರಿಗೇನು ಕೇಡು, ಗುರುಗಳೇ?”

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಒರೆಗಾರನಿದ್ದ. ಚೂರಿಗಳಿಗೆ ತೊಗಲಿನ ಒರೆ ಹೊಲಿಯುವುದು ಅವನ ಕಸುಬು. ಎದುರಿಗೇ ಒಬ್ಬ ಕಮ್ಮಾರನ ಕುಲುಮೆಯಿತ್ತು. ಕಮ್ಮಾರ ಬಡಿದ ಚೂರಿ ಬೀದಿ ದಾಟಿ ಒರೆಗಾರನ ಜಗಲಿಗೆ ಬರುತ್ತಿತ್ತು. ಒರೆಗಾರ ತೊಗಲನ್ನು ನೆನೆಹಾಕಿ, ಹಸಿಯಿರುವಾಗಲೇ ಹಿತ್ತಾಳೆಯ ಅಚ್ಚಿಟ್ಟು ಕೊಡತಿಯಿಂದ ಬಡಿದು ಹೂಬಳ್ಳಿ ಮೂಡಿಸುತ್ತಿದ್ದ. ಆಮೇಲೆ ಅದನ್ನು ಚೂರಿಯ ಮೈಗೆ ಸುತ್ತಿ, ಕೊಂಬಿನ ತುಂಡಿನಿಂದ ಒತ್ತಿ, ಹೊಲಿದು ನೆರಳಿಗೆ ಇಡುತ್ತಿದ್ದ. ಹಸಿ ತೊಗಲು ಯಾವುದನ್ನು ಅಪ್ಪಿಕೊಂಡು ಒಣಗುತ್ತದೋ ಅದರ ಆಕಾರವನ್ನು ಮತ್ತೆ ಬಿಡುವುದಿಲ್ಲ. ಅವನ ಒರೆಯನ್ನು ತಲೆಕೆಳಗು ಹಿಡಿದರೂ ಚೂರಿ ಜಾರದೆಂದು ಜನ ಹೇಳುತ್ತಿದ್ದರು.

ಒರೆಗಾರನ ತಮ್ಮ ಆ ಕುಲುಮೆಯಲ್ಲಿ ಬೆಂಕಿಗೆ ಗಾಳಿಯೂದುವ ತಿದಿಯೊತ್ತುತ್ತಿದ್ದ. ಒಮ್ಮೆ ಊರಗೌಡನ ಚೂರಿಗೆ ಕೂಡಿಸಬೇಕಾದ ಬೆಳ್ಳಿಯ ಹಿಡಿ ಕಾಣೆಯಾಯಿತು. ಕಮ್ಮಾರ ತಮ್ಮನನ್ನು ಬೀದಿಗೆಳೆದು, ನಾಲ್ಕು ಜನರ ಮುಂದೆ ಕಳ್ಳನೆಂದು ಕರೆದ. ತಮ್ಮ ಕೆರೆಯ ಕಡೆ ನಡೆದ. ಮನೆಗೆ ಅವನ ಹೆಣ ಬಂತು. ತಿಥಿ ಮುಗಿಯುವ ಹೊತ್ತಿಗೆ ಹಿಡಿ ಕುಲುಮೆಯ ಬೂದಿಯಲ್ಲೇ ಸಿಕ್ಕಿತು.

ಕಮ್ಮಾರ ಬಂದು ಒರೆಗಾರನ ಕಾಲು ಹಿಡಿದು ಅತ್ತ. ಒರೆಗಾರ ಅವನನ್ನು ರಟ್ಟೆ ಹಿಡಿದು ಎಬ್ಬಿಸಿ, “ಹೋದದ್ದು ಹೋಯಿತು, ಏಳು” ಎಂದ. ಇಂಥ ತಾಳ್ಮೆಯವನನ್ನು ಎಲ್ಲೂ ಕಾಣೆವೆಂದು ಊರು ಹೊಗಳಿತು. ಚೂರಿಗಳು ಮೊದಲಿನಂತೆಯೇ ಬೀದಿ ದಾಟಿ ಬರತೊಡಗಿದವು.

ಮೊದಲು ಬಂದದ್ದು ಒಬ್ಬ ಕುರುಬನ ಅಗಲವಾದ ಚೂರಿ. ಒರೆಗಾರ ಎಂದಿನಂತೆ ತೊಗಲು ಸುತ್ತಿ ಹೊಲಿದ. ಒಣಗಿದ ಮೇಲೆ ಚೂರಿಯನ್ನು ಹೊರಗೆಳೆದ. ತಿರುಗಿ ಹಾಕಹೋದರೆ ಅದು ಒಳಗೆ ಹೋಗಲಿಲ್ಲ. ತೊಗಲು ಕೆಟ್ಟದ್ದೆಂದುಕೊಂಡು ಬೇರೆ ತೊಗಲಿನಲ್ಲಿ ಇನ್ನೊಂದು ಮಾಡಿದ. ಅದೂ ಹಾಗೆಯೇ ಆಯಿತು. ಅನುಮಾನ ಬಂದು, ಒರೆಯೊಳಗೆ ಕಾದ ಜೇನುಮೇಣ ಹೊಯ್ದು, ತಣಿದ ಮೇಲೆ ಹೊಲಿಗೆ ಬಿಚ್ಚಿ ನೋಡಿದ. ಒಳಗಿಂದ ಬಂದದ್ದು ಸಣ್ಣನೆಯ, ನೇರವಾದ, ಸೂಜಿಯಂಥ ತುದಿಯ ಒಂದು ಅಲಗು. ಅಂಥ ಚೂರಿಯನ್ನು ಅವನು ಎಂದೂ ಕಂಡಿರಲಿಲ್ಲ. ಕಟುಕನ ಕತ್ತಿ ಬಂದಾಗಲೂ, ತೋಟಗಾರನ ಬಾಗಿದ ಚೂರಿ ಬಂದಾಗಲೂ ಒಳಗೆ ಮೂಡಿದ್ದು ಅದೇ ಅಲಗು.

ಅವನಿಗೆ ಹೆದರಿಕೆಯಾಗಬೇಕಿತ್ತು. ಆದರೆ ಆ ಮೇಣದ ಅಲಗನ್ನು ಅಂಗೈಯಲ್ಲಿಟ್ಟುಕೊಂಡಾಗ ಮನಸ್ಸಿಗೆ ಹಿತವೆನಿಸಿತು. ತಮ್ಮ ಸತ್ತ ಮೇಲೆ ಅಂಥ ಹಿತ ಅವನಿಗೆ ಸಿಕ್ಕಿರಲಿಲ್ಲ. ಆಮೇಲೆ ಅವನು ಯಾವ ಚೂರಿಯನ್ನೂ ಇಡದೆ ಒಂದು ಒರೆ ಹೊಲಿದ. ಅದರ ಮೇಲೆ ತನ್ನಲ್ಲಿದ್ದ ಅತಿ ಚೆಲುವಾದ ಅಚ್ಚುಗಳನ್ನೊತ್ತಿದ.

“ಇದು ಯಾರದು?” ಎಂದು ಹೆಂಡತಿ ಕೇಳಿದಳು.

“ಯಾರೂ ಹೇಳಿ ಮಾಡಿಸಿದ್ದಲ್ಲ” ಎಂದ.

ಒಂದು ಮಧ್ಯಾಹ್ನ ಕಮ್ಮಾರ ಬಟ್ಟೆಯಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಅವನ ಮುಖ ಬಾಡಿತ್ತು.

“ಅಣ್ಣಾ, ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ. ಕುಡುಗೋಲಿಗೆಂದು ಕಬ್ಬಿಣ ಕಾಯಿಸಿದರೂ ಕೊನೆಗೆ ಇದೇ ಆಗುತ್ತದೆ.”

ಬಟ್ಟೆ ಬಿಚ್ಚಿದ. ಒಳಗೆ ಸಣ್ಣನೆಯ, ನೇರವಾದ ಚೂರಿಯಿತ್ತು. ಒರೆಗಾರ ಆ ಚೆಲುವಾದ ಒರೆಯನ್ನು ತಂದು ಹಿಡಿದ. ಚೂರಿ ಸದ್ದಿಲ್ಲದೆ ಅದರೊಳಗೆ ಇಳಿಯಿತು. ಇಬ್ಬರೂ ಅದನ್ನು ನೋಡುತ್ತ ನಿಂತರು.

ಕಮ್ಮಾರ ಮೆಲ್ಲಗೆ ಹೇಳಿದ: “ಅಂದು ನೀನು ನನ್ನನ್ನು ಎಬ್ಬಿಸಿದೆ, ಒಂದು ಮಾತೂ ಬೈಯಲಿಲ್ಲ. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಇವತ್ತಾದರೂ ಬೈದುಬಿಡು. ಬೇಕಾದರೆ ಹೊಡೆ.”

ಮಾತು ಒರೆಗಾರನ ಗಂಟಲವರೆಗೆ ಬಂತು. ನನ್ನ ತಮ್ಮನನ್ನು ಕೊಂದವನು ನೀನು ಎಂದು ಅಂದುಬಿಟ್ಟಿದ್ದರೆ ಇಬ್ಬರೂ ಅಲ್ಲೇ ಕುಸಿದು ಅಳುತ್ತಿದ್ದರು. ಆದರೆ ಅಷ್ಟು ದಿನ ಜತನದಿಂದ ಕಾಪಾಡಿಕೊಂಡದ್ದನ್ನು ಕೈಬಿಡಲು ಅವನಿಗೆ ಮನಸ್ಸಾಗಲಿಲ್ಲ. ಅವನು ನಕ್ಕ.

“ನನ್ನ ಮನಸ್ಸಿನಲ್ಲಿ ಏನೂ ಇಲ್ಲ ಮಾರಾಯ. ಒಳ್ಳೆಯ ಚೂರಿ. ನೀನೇ ಇಟ್ಟುಕೋ.”

ಹಾಗೆಂದು ಒರೆಯನ್ನು ತನ್ನ ಕೈಯಾರೆ ಕಮ್ಮಾರನ ಸೊಂಟಕ್ಕೆ ಕಟ್ಟಿದ.

ಮರುದಿನ ಕಮ್ಮಾರ ಕುಲುಮೆಯ ಮುಂದೆ ಕೂತಲ್ಲಿಯೇ ಸತ್ತಿದ್ದ. ಮೈಮೇಲೆ ಗಾಯವಿರಲಿಲ್ಲ. ಚೂರಿ ಒರೆಯಲ್ಲೇ ಇತ್ತು. ಉಸಿರು ನಿಂತು ಹೋದನೆಂದು ಹಿರಿಯರು ಹೇಳಿದರು. ಹೆಣದ ಬಳಿ ಯಾರೂ ಇಲ್ಲದ ಗಳಿಗೆಯಲ್ಲಿ ಒರೆಗಾರ ಕಮ್ಮಾರನ ಕೈ ಮುಟ್ಟಿದ. ಅದು ತಣ್ಣಗಿತ್ತು. ಆಮೇಲೆ ಚೂರಿಯನ್ನು ಹಿರಿದು ನೋಡಿದ. ಅಲಗಿನ ಮೇಲೆ ಒಂದು ಕಲೆಯೂ ಇರಲಿಲ್ಲ. ಆದರೆ ಅದು ಮೈಯೊಳಗಿಂದ ಆಗಷ್ಟೇ ತೆಗೆದಂತೆ ಬೆಚ್ಚಗಿತ್ತು.

ಚೂರಿಯನ್ನೂ ಒರೆಯನ್ನೂ ಕಮ್ಮಾರನ ಜೊತೆಗೇ ಮಣ್ಣು ಮಾಡಿದರು. ಅಲ್ಲಿಗೆ ಮುಗಿಯಿತೆಂದು ಒರೆಗಾರ ನಿಟ್ಟುಸಿರು ಬಿಟ್ಟ. ಇನ್ನು ಅವನು ಹಗೆ ಸಾಧಿಸಬೇಕಾದವರು ಯಾರೂ ಉಳಿದಿರಲಿಲ್ಲ. ಕೆಲವು ದಿನ ಕಳೆದು ಪರವೂರಿನ ಕಮ್ಮಾರನೊಬ್ಬ ಕಳಿಸಿದ ದೊಡ್ಡ ಚೂರಿಗೆ ಒರೆ ಹೊಲಿದ. ಒಣಗಿದ ಮೇಲೆ ಚೂರಿ ಒಳಗೆ ಹೋಗಲಿಲ್ಲ. ಮೇಣ ಹೊಯ್ದು ಬಿಚ್ಚಿದ. ಅದೇ ಅಲಗು. ಈ ಸಲ ಅದನ್ನು ಕೈಗೆತ್ತಿಕೊಳ್ಳಲು ಅವನಿಗೆ ಧೈರ್ಯ ಬರಲಿಲ್ಲ. ಅಂದೇ ಅಚ್ಚುಗಳನ್ನು ಬಾವಿಗೆ ಹಾಕಿ ಕಸುಬು ಬಿಟ್ಟ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮುಪ್ಪಯ್ಯ ಯೋಚಿಸಿ ಕೇಳಿದ:

“ಆದರೂ ಗುರುಗಳೇ, ಅವನು ಮಾಡಿದ್ದಾದರೂ ಏನು? ಒಂದು ಒರೆ ಹೊಲಿದ, ಅಷ್ಟೇ ಅಲ್ಲವೇ?”

“ಸಾಯುವವರೆಗೂ ಅವನೂ ಅದನ್ನೇ ಹೇಳುತ್ತಿದ್ದ” ಎಂದರು ಗುರುಗಳು.