ಬದನೆಗಿಡಕ್ಕೆ ಬಿಳಿ ಶಾಲು

ಮೂರು ಹೂ ಬಿಟ್ಟ ಜಂಬಕ್ಕೆ ಬದನೆಗಿಡ ನೆಲದ ಮೇಲೆ ನಿಲ್ಲುವಂತಿರಲಿಲ್ಲ. ಬೇರು ಇದ್ದದ್ದಕ್ಕೆ ನಿಂತಿತ್ತು, ಅಷ್ಟೆ. ಒಂದು ಬೆಳಗ್ಗೆ ಚಿಕ್ಕತಾಯಮ್ಮ ಅದರ ಬುಡಕ್ಕೆ ಸಗಣಿ ಗೊಬ್ಬರ ಹಾಕಿದಳು. ಹದಿನೈದು ದಿನ ಒದ್ದೆ ಗೋಣಿ ಮುಚ್ಚಿಟ್ಟು, ಬೇಕಂತಲೇ ಹಸಿರು ಬೂಷ್ಟು ಹಿಡಿಸಿದ ಗೊಬ್ಬರ ಅದು.

"ಥೂ! ಹಳಸಿದ ಅನ್ನದ ನೆಂಟ ನನ್ನ ಪಕ್ಕದಲ್ಲಾ? ದೂರ ಕೂತ್ಕೊಳ್ಳೋ!" ಎಂದಿತು ಬದನೆ.

"ಆಗಲಿ ಅಕ್ಕಾ," ಎಂದು ಬೂಷ್ಟು ಬೇರಿನ ಆಚೆಗೆ ಸರಿದು ಕೂತಿತು.

ಆಮೇಲೆ ಮಣ್ಣಿನೊಳಗಿಂದ ಬುಡಕೊಳೆ ರೋಗ ಬಂತು. ನೋಡಲು ರೇಷ್ಮೆಯಂಥ ಬಿಳಿ ಎಳೆ, ನಡುನಡುವೆ ಸಾಸಿವೆಯಂಥ ಮಣಿ.

"ಇಂಥ ಹೂ ಬಿಟ್ಟವರಿಗೆ ಒಂದು ಸನ್ಮಾನವೂ ಆಗಿಲ್ಲವೇ? ಛೆ! ಶಾಲು ಹೊದಿಸಲು ಅಪ್ಪಣೆಯಾಗಲಿ, ಮಹಾರಾಣಿ."

ಬದನೆ ನಾಚಿಕೊಂಡು ಬುಡ ಒಡ್ಡಿತು. ಶಾಲು ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಮೂರನೆಯ ಸುತ್ತಿಗೆ ತೊಗಟೆ ಮೆತ್ತಗಾಗಿ, ನೀರು ಮೇಲೇರದೆ, ಎಲೆಗಳು ಜೋತುಬಿದ್ದವು.

"ಸನ್ಮಾನ ಸಾಕು, ಬಿಚ್ಚಯ್ಯ!"

"ನಮ್ಮಲ್ಲಿ ಬಿಚ್ಚುವ ಪದ್ಧತಿಯಿಲ್ಲ, ಮಹಾರಾಣಿ."

"ಬೂಷ್ಟಣ್ಣಾ! ನನ್ನಪ್ಪಾ! ಬಾರೋ!" ಎಂದು ಬದನೆ ಕಿರುಚಿಕೊಂಡಿತು.

ಬೂಷ್ಟು ಬಂದದ್ದೇ ಆ ಬಿಳಿ ಎಳೆಗೇ ಸುರುಳಿ ಸುತ್ತಿಕೊಂಡು, ಸಾಸಿವೆ ಮಣಿಗಳನ್ನೂ ಬಿಡದೆ ತಿಂದು ಮುಗಿಸಿತು. ನಾಲ್ಕು ದಿನಕ್ಕೆ ಬದನೆಯ ಎಲೆಗಳು ತಲೆ ಎತ್ತಿದವು.

"ಅಣ್ಣಾ, ಪ್ರಾಣ ಉಳಿಸಿದೆ. ನಿನಗೊಂದು ಶಾಲು ಹೊದಿಸಿ ಸನ್ಮಾನ ಮಾಡ್ಲಾ?"

ಬೂಷ್ಟು ಡರ್ರೆಂದು ತೇಗಿತು.

"ಬೇಡ ತಾಯಿ, ಹೊಟ್ಟೆಯಲ್ಲಿ ಜಾಗವಿಲ್ಲ. ಮೊನ್ನೆ ತಾನೇ ಒಂದು ಶಾಲು ತಿಂದಿದ್ದೀನಿ."