ಚೆಲುವರಾಯನ ಒಪ್ಪೊತ್ತು

ಒಂದು ಕಾಡಿನಲ್ಲಿ, ಹಳ್ಳದ ದಂಡೆಯ ಮೇಲೆ, ಒಂದು ಎತ್ತರದ ಮತ್ತಿಮರವಿತ್ತು. ಆ ಮರದ ಏಳನೇ ಕೊಂಬೆಯ ಮೇಲೆ ಚೆಲುವರಾಯ ಎಂಬ ನವಿಲು ಮಲಗುತ್ತಿದ್ದ. ಹಗಲೆಲ್ಲ ಅವನಿಗೆ ನೆಲವೇ ಮನೆ. ಆದರೆ ಹೊತ್ತು ಮುಳುಗುವ ಮುಂಚೆ ಮರ ಸೇರಲೇಬೇಕು. ನೆಲದಲ್ಲಿ ಉಳಿದ ನವಿಲಿನ ಕಥೆಯನ್ನು ನರಿಯೋ ಕಾಡುಬೆಕ್ಕೋ ಬೆಳಗಾಗುವುದರೊಳಗೆ ಮುಗಿಸಿಬಿಡುತ್ತದೆ.

ಆ ವರ್ಷ ಪಕ್ಕದ ಅತ್ತಿಮರ ಮೈತುಂಬ ಹಣ್ಣು ಬಿಟ್ಟಿತು. ಚೆಲುವರಾಯ ಅದರ ಬುಡದಲ್ಲೇ ಕುಳಿತುಬಿಟ್ಟ. ಎದ್ದರೆ ಹಣ್ಣು, ಕುಂತರೆ ಹಣ್ಣು. ನಡೆಯುವ ಕೆಲಸವೇ ಇರಲಿಲ್ಲ. ಎರಡು ತಿಂಗಳಲ್ಲಿ ಹೊಟ್ಟೆ ಬಂತು, ಕತ್ತು ದಪ್ಪವಾಯಿತು. ಒಂದು ಸಂಜೆ ಏಳನೇ ಕೊಂಬೆಗೆಂದು ಹಾರಿದವನು ಐದನೆಯದರ ಮೇಲೆ ಧೊಪ್ಪೆಂದು ಕುಳಿತ.

"ಗಾಳಿ ಸರಿ ಇಲ್ಲ" ಎಂದು ತನಗೆ ತಾನೇ ಹೇಳಿಕೊಂಡ.

ಮರುದಿನವೂ ಐದನೇ ಕೊಂಬೆಯೇ ಆಯಿತು. ಅವತ್ತು ಗಾಳಿಯೇ ಇರಲಿಲ್ಲ.

ಇದನ್ನು ಕೆಳಗಿನಿಂದ ಒಬ್ಬ ನೋಡುತ್ತಿದ್ದ. ಅವನ ಹೆಸರು ಕೆಂಚಪ್ಪ. ಅವನೊಂದು ನರಿ. ಮಾತು ಬೆಲ್ಲದ ಹಾಗೆ ಸಿಹಿ, ಹೊಟ್ಟೆಯೊಳಗೆ ಮಾತ್ರ ಬೇರೆಯೇ ಲೆಕ್ಕಾಚಾರ.

"ಏನು ಚೆಲುವರಾಯರೇ, ಏಳನೇ ಕೊಂಬೆ ಬಿಟ್ಟು ಐದಕ್ಕೆ ಬಿಡಾರ ಬದಲಾಯಿಸಿದಂತಿದೆ?" ಎಂದು ಕೇಳಿದ.

ಚೆಲುವರಾಯನಿಗೆ ನಾಚಿಕೆಯಾಯಿತು. ಕೊಂಬೆಯ ಮೇಲಿಂದಲೇ ಹೇಳಿದ: "ಮೈ ಬಂದುಬಿಟ್ಟಿದೆ ಕೆಂಚಪ್ಪಣ್ಣ. ಮಳೆಗಾಲ ಬಾಗಿಲಿಗೆ ಬಂತು. ಈ ಹೊಟ್ಟೆ ಹೊತ್ತುಕೊಂಡು ಹೇಗೆ ಕುಣಿಯಲಿ?"

"ಅಯ್ಯೋ, ಅಷ್ಟೇನಾ! ಒಪ್ಪೊತ್ತು ಹಿಡಿಯಿರಿ. ದಿನಕ್ಕೆ ಒಂದೇ ಹೊತ್ತು ಊಟ. ಬೆಳಿಗ್ಗೆ ಒಂದು ಕಾಳೂ ಮುಟ್ಟಬಾರದು. ಮಧ್ಯಾಹ್ನ ಬರೀ ನೀರು. ಹೊತ್ತು ಮುಳುಗುವಾಗ ಮಾತ್ರ ಹೊಟ್ಟೆ ಬಿರಿಯುವಷ್ಟು ತಿನ್ನಿ, ಯಾರು ಬೇಡ ಅಂತಾರೆ?"

"ಹಾಗೆ ಮಾಡಿದರೆ ಮೈ ಇಳಿಯುತ್ತಾ?"

"ನಮ್ಮ ತಾತ ಇಳಿಸಿದ್ದರು. ಬಿದಿರಿನ ಕಡ್ಡಿ ಹಾಗಿದ್ದರು, ಪುಣ್ಯಾತ್ಮರು" ಎಂದ ಕೆಂಚಪ್ಪ.

ನರಿಗೆ ನವಿಲಿನ ಹೊಟ್ಟೆಯ ಚಿಂತೆ ಯಾಕೆ ಎಂದು ಚೆಲುವರಾಯ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ತನ್ನನ್ನು ಕಂಡು ಮರುಗುವವನು ಒಬ್ಬ ಸಿಕ್ಕಿದನಲ್ಲ ಎಂದು ಖುಷಿಪಟ್ಟ.

ಮರುದಿನದಿಂದಲೇ ಒಪ್ಪೊತ್ತು ಶುರುವಾಯಿತು. ಬೆಳಿಗ್ಗೆ ಉಳಿದ ನವಿಲುಗಳು ಇಬ್ಬನಿ ಬಿದ್ದ ಹುಲ್ಲಿನಲ್ಲಿ ಹುಳ ಹುಡುಕುತ್ತಾ ಸುತ್ತಾಡಿದವು. ಚೆಲುವರಾಯ ಪೊದೆಯ ನೆರಳಿನಲ್ಲಿ ಕಣ್ಣು ಮುಚ್ಚಿ ಬಿದ್ದುಕೊಂಡ. ಹೆಜ್ಜೆ ಎತ್ತಿಡಲೂ ಅವನಲ್ಲಿ ಶಕ್ತಿಯಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕತ್ತಲೆ ಬಂತು. ಸಂಜೆಯಾಗುತ್ತಲೇ ಅತ್ತಿಮರದ ಬುಡಕ್ಕೆ ನುಗ್ಗಿದ. ಹಣ್ಣು, ಹುಲ್ಲಿನ ಬೀಜ, ಗೆದ್ದಲು, ಸಿಕ್ಕಿದರೆ ಒಂದು ಓತಿಕ್ಯಾತ, ಎಲ್ಲವೂ ಒಂದೇ ಸಮನೆ ಒಳಗೆ ಹೋದವು. ಇಡೀ ದಿನದ ಹಸಿವು ಒಟ್ಟಿಗೆ ಬಾಯಿ ತೆರೆದರೆ, "ಸಾಕು" ಎನ್ನುವ ಮಾತು ಎಲ್ಲಿಂದ ಬರಬೇಕು? ಕೊನೆಗೆ ತುಂಬಿದ ಹೊಟ್ಟೆ ಹೊತ್ತುಕೊಂಡು ರೆಕ್ಕೆ ಬಡಿದ. ನಾಲ್ಕನೇ ಕೊಂಬೆ ಸಿಕ್ಕಿತು.

ಒಂದು ವಾರ ಕಳೆಯುವಷ್ಟರಲ್ಲಿ ಅವನು ಮೂರನೇ ಕೊಂಬೆಗೆ ಬಂದಿದ್ದ.

"ಇದೇನು ಕೆಂಚಪ್ಪಣ್ಣ, ಕೆಳಕೆಳಗೆ ಬರುತ್ತಿದ್ದೇನಲ್ಲ?"

"ಮೊದಮೊದಲು ಹಾಗೇ ಚೆಲುವರಾಯರೇ. ಮಧ್ಯೆ ಕೈಬಿಡಬೇಡಿ" ಎಂದ ನರಿ. ಹೇಳುವಾಗ ಅವನ ಕಣ್ಣು ಕೊಂಬೆಯ ಮೇಲೇ ಇತ್ತು.

ಅದೇ ಮತ್ತಿಮರದ ತುದಿಯಲ್ಲಿ ಒಬ್ಬ ಮುಸುವಜ್ಜಿ ಇದ್ದಳು. ಕಪ್ಪು ಮುಖ, ಉದ್ದ ಬಾಲದ ಮುದಿ ಕೋತಿ. ನಾಲಿಗೆ ಕೊಂಚ ಹರಿತ, ಮನಸ್ಸು ಒಳ್ಳೆಯದು. ಮೂರನೇ ಕೊಂಬೆಯಲ್ಲಿ ಏದುಸಿರು ಬಿಡುತ್ತಿದ್ದ ನವಿಲನ್ನು ಕಂಡು ಅವಳು ಕೆಳಗಿಳಿದು ಬಂದಳು.

"ಯಾಕೋ ಮಗಾ, ಬೆಳಿಗ್ಗೆ ಏನು ತಿಂದೆ?"

"ಏನೂ ಇಲ್ಲ. ನಾನು ಒಪ್ಪೊತ್ತು ಅಜ್ಜಿ."

"ಯಾರು ಹೇಳಿಕೊಟ್ಟದ್ದು?"

"ಕೆಂಚಪ್ಪಣ್ಣ."

ಅಜ್ಜಿ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ ಬುದ್ಧಿಗಿಷ್ಟು! ನರಿ ಹೇಳಿದ ಪಥ್ಯವನ್ನು ನವಿಲು ಮಾಡುತ್ತಾ?"

ಚೆಲುವರಾಯನಿಗೆ ಸಿಟ್ಟು ಬಂತು. "ನಿಮಗೇನು ಗೊತ್ತು? ಬೆಳಗಿಂದ ಸಂಜೆವರೆಗೆ ಎಲೆ ಮೆಲ್ಲುತ್ತಲೇ ಇರುತ್ತೀರಿ."

"ಹೌದಪ್ಪ, ಸ್ವಲ್ಪ ಸ್ವಲ್ಪವೇ ಮೆಲ್ಲುತ್ತೇನೆ. ಅದಕ್ಕೇ ಈ ವಯಸ್ಸಿನಲ್ಲೂ ತುದಿಕೊಂಬೆ ನನ್ನನ್ನು ಹೊರುತ್ತದೆ. ಜಗಳ ಬೇಡ. ನಾಳೆ ಮಧ್ಯಾಹ್ನ ನೀನು ಪೊದೆಯಲ್ಲಿ ಮಲಗಬೇಡ. ಇಲ್ಲೇ ಎಲೆ ಮರೆಯಲ್ಲಿ ಕೂತು ಕೆಳಗೆ ನೋಡು."

ಮರುದಿನ ಬಿಸಿಲು ಏರಿದಾಗ ಚೆಲುವರಾಯ ಮನಸ್ಸಿಲ್ಲದ ಮನಸ್ಸಿನಿಂದ ಎಲೆಗಳ ಮರೆಯಲ್ಲಿ ಕುಳಿತ. ಕೆಂಚಪ್ಪ ಬಂದ. ಅತ್ತ ಇತ್ತ ನೋಡಿ, ಮರದ ಬುಡದ ಹುತ್ತವನ್ನು ಹತ್ತಿದ. ಅಲ್ಲಿಂದ ಒಂದು ಜಿಗಿತ ಜಿಗಿದ. ಅವನ ಉಗುರು ಮೊದಲನೇ ಕೊಂಬೆಯನ್ನು ಮುಟ್ಟಿತು. ಇಳಿದ, ಮತ್ತೆ ಹತ್ತಿದ, ಇನ್ನೂ ಜೋರಾಗಿ ಜಿಗಿದ. ಈ ಸಲ ಎರಡನೇ ಕೊಂಬೆಯೇ ಉಗುರಿಗೆ ಸಿಕ್ಕಿತು.

"ಸಿಕ್ಕಿತು!" ಎಂದು ನರಿ ತುಟಿ ಸವರಿಕೊಂಡ. "ಇನ್ನು ನಾಲ್ಕು ದಿನ ಒಪ್ಪೊತ್ತು ಮಾಡಲಿ. ಮಹಾರಾಯ ತಾನಾಗಿಯೇ ಇಲ್ಲಿಗೆ ಬಂದು ಕೂರುತ್ತಾನೆ. ಅಲ್ಲಿಯವರೆಗೆ ಏಡಿ, ಇಲಿ ತಿಂದು ಹೊಟ್ಟೆ ಯಾಕೆ ಕೆಡಿಸಿಕೊಳ್ಳಲಿ? ಹಬ್ಬದೂಟಕ್ಕೆ ಜಾಗ ಇರಲಿ."

ಹೀಗೆಂದು ಬಾಲ ಕುಣಿಸುತ್ತಾ ಹೊರಟುಹೋದ.

ಚೆಲುವರಾಯ ಕೊಂಬೆಗಳನ್ನು ಎಣಿಸಿದ. ತಾನು ಮಲಗುವ ಕೊಂಬೆಗೂ ಆ ಉಗುರಿಗೂ ನಡುವೆ ಇದ್ದದ್ದು ಒಂದೇ ಕೊಂಬೆಯ ಅಂತರ. ಅವನಿಗೆ ಸಾವಿನ ಭಯವಾಯಿತು. ಅದಕ್ಕಿಂತ ಹೆಚ್ಚಾಗಿ, ನರಿಯ ಮಾತು ನಂಬಿದೆನಲ್ಲ ಎಂದು ಸಂಕಟವಾಯಿತು.

"ಅಜ್ಜೀ, ನಾಳೆಯೇ ನನಗೆ ಏಳನೇ ಕೊಂಬೆ ಸಿಗುವ ಹಾಗೆ ಏನಾದರೂ ಹೇಳಿ" ಎಂದು ಅಂಗಲಾಚಿದ.

"ನಾಳೆಯೇ ಸಿಗುವುದಿಲ್ಲ ಮಗಾ. ಎರಡು ತಿಂಗಳು ಕೂತು ತಂದ ಮೈ ಎರಡು ದಿನಕ್ಕೆ ಹೋಗುತ್ತಾ? ಆದರೆ ಸಂಜೆಯ ಹೊಟ್ಟೆ ನಾಳೆಯೇ ಹಗುರಾಗುತ್ತದೆ. ಬೆಳಿಗ್ಗೆ ಚೆನ್ನಾಗಿ ತಿನ್ನು. ಕೂತಲ್ಲೇ ಅಲ್ಲ, ಹುಲ್ಲುಗಾವಲು ಸುತ್ತಿ, ಕೆದಕಿ ತಿನ್ನು. ಮಧ್ಯಾಹ್ನ ಅದರ ಅರ್ಧ. ಸಂಜೆ ನಾಲ್ಕು ಹಣ್ಣು, ಅಷ್ಟೇ. ಹೊತ್ತು ಇನ್ನೂ ಮೇಲಿರುವಾಗಲೇ ಕೊಕ್ಕು ಒರೆಸಿಕೊಂಡುಬಿಡು."

"ನಾಲ್ಕೇನಾ? ಸಂಜೆ ನನಗೆ ಹುಚ್ಚು ಹಸಿವಾಗುತ್ತೆ ಅಜ್ಜಿ."

"ಬೆಳಿಗ್ಗೆ ತಿಂದು ನೋಡು. ಆಮೇಲೆ ಮಾತಾಡೋಣ."

ಮರುದಿನ ಬೆಳಿಗ್ಗೆ ಚೆಲುವರಾಯ ಇಬ್ಬನಿಗೆ ಇಳಿದ. ಮಿಡತೆ ಹಿಡಿದ, ಬೀಜ ಹೆಕ್ಕಿದ, ಗುಡ್ಡದ ತನಕ ನಡೆದ. ಕಾಲು ನೋಯಿತು. ಆದರೂ ಎಷ್ಟೋ ದಿನಗಳ ಮೇಲೆ ಮೈಗೆ ಬಿಸಿಲು ತಾಗಿ ಹಿತವೆನಿಸಿತು. ಮಧ್ಯಾಹ್ನ ಅರ್ಧ ಹೊಟ್ಟೆ ತಿಂದ. ಸಂಜೆ ಅತ್ತಿಮರದ ಬುಡಕ್ಕೆ ಬಂದು ನಾಲ್ಕು ಹಣ್ಣು ನುಂಗಿದ. ಐದನೆಯದಕ್ಕೆ ಕೊಕ್ಕು ಚಾಚಿದವನು ಹಿಂದಕ್ಕೆ ತೆಗೆದುಕೊಂಡ. ಹುಚ್ಚು ಹಸಿವು ಅವತ್ತು ಬರಲೇ ಇಲ್ಲ. ಹಾರಿದ. ನಾಲ್ಕನೇ ಕೊಂಬೆಗೆ ತಲುಪಿದ.

ಇತ್ತ ಕೆಂಚಪ್ಪ ಪೂರ್ತಿ ಉಪವಾಸ ಹಿಡಿದಿದ್ದ. ಕಣ್ಣೆದುರಿಗೆ ಏಡಿ ಹೋದರೂ ಮುಖ ತಿರುಗಿಸಿದ. ಮೂರನೇ ದಿನದ ಸಂಜೆಗೆ ಅವನಿಗೆ ಕಂಡದ್ದೆಲ್ಲ ನವಿಲೇ. ಇನ್ನು ಕಾಯುವ ತಾಳ್ಮೆ ಉಳಿಯಲಿಲ್ಲ. ಅತ್ತಿಮರದ ಬುಡದಲ್ಲಿ ಚೆಲುವರಾಯ ನಿಂತಿದ್ದನ್ನು ಹುತ್ತದ ಹಿಂದಿನಿಂದ ನೋಡಿದ.

"ಹೊಟ್ಟೆ ತುಂಬ ತಿಂದಿದ್ದಾನೆ. ನೆಲ ಬಿಟ್ಟು ಏಳುವುದರೊಳಗೆ ಹಿಡಿಯುತ್ತೇನೆ" ಎಂದುಕೊಂಡು ನುಗ್ಗಿದ.

ಎಲೆ ಸರಿದ ಸದ್ದಾಯಿತು. ಚೆಲುವರಾಯ ತಿರುಗಿಯೂ ನೋಡದೆ ರೆಕ್ಕೆ ಬಡಿದ. ಹಗುರ ಹೊಟ್ಟೆ ಅವನನ್ನು ಮೇಲೆತ್ತಿತು. ನರಿ ಅವನ ಬಾಲಕ್ಕೆ ಗುರಿಯಿಟ್ಟು ಜಿಗಿದ. ಆದರೆ ಮೂರು ದಿನ ಅನ್ನ ನೀರು ಕಾಣದ ಕಾಲುಗಳು ಅರ್ಧದಲ್ಲೇ ಮಡಚಿಕೊಂಡವು. ಒಂದು ಗರಿಯೂ ಸಿಗಲಿಲ್ಲ. ಕೆಂಚಪ್ಪ ಮುಳ್ಳಿನ ಪೊದೆಯೊಳಗೆ ಮುಖ ಅಡಿಯಾಗಿ ಬಿದ್ದ.

ಚೆಲುವರಾಯ ನಾಲ್ಕನೇ ಕೊಂಬೆಯ ಮೇಲೆ ಕುಳಿತು ಉಸಿರು ಬಿಟ್ಟ. "ಬದುಕಿದೆ ಅಜ್ಜಿ!" ಎಂದು ಕೂಗಿದ. ಅವನ ಕಣ್ಣಲ್ಲಿ ನೀರು ಬಂತು.

ನರಿ ಮುಳ್ಳು ಕಿತ್ತುಕೊಂಡು ಎದ್ದ. ಹಸಿವಿನಿಂದ ತಲೆ ಗಿರ್ರೆಂದಿತು. ನವಿಲು ಬಿಟ್ಟುಹೋದ ಅತ್ತಿಹಣ್ಣಿನ ರಾಶಿ ಕಂಡಿತು. ಬಿದ್ದು ಬಿದ್ದು ತಿಂದ. ಹಣ್ಣಾದದ್ದು, ಕೊಳೆತದ್ದು, ಒಂದನ್ನೂ ಬಿಡಲಿಲ್ಲ. ಆಮೇಲೆ ತೇಗುತ್ತಾ ಎದುರಿನ ಬಂಡೆಯ ಕೆಳಗಿದ್ದ ತನ್ನ ಬಿಲಕ್ಕೆ ನುಗ್ಗಿದ. ತಲೆ ಒಳಗೆ ಹೋಯಿತು, ಹೊಟ್ಟೆ ಹೋಗಲಿಲ್ಲ. ಹಿಂದಕ್ಕೆ ಬರೋಣವೆಂದರೆ ಅದೂ ಆಗಲಿಲ್ಲ.

ಬೆಳಗಾಯಿತು. ಹಣ್ಣು ಅರಸಿ ಕಾಡುಹಂದಿಗಳ ಹಿಂಡು ಬಂತು. ಒಂದು ಹಣ್ಣೂ ಇಲ್ಲ! ಬಂಡೆಯ ಹತ್ತಿರ ಅತ್ತಿಹಣ್ಣು ಮೆತ್ತಿದ ಒಂದು ಬಾಲ ಅಲ್ಲಾಡುತ್ತಿತ್ತು. ಹಿರಿಯ ಹಂದಿ ಹತ್ತಿರ ಹೋಗಿ, ಮೂಸಿ ನೋಡಿ, ಹಿಂಭಾಗಕ್ಕೆ ಸರಿಯಾಗಿ ಒಂದು ತಿವಿದು, ಬಾಲ ಹಿಡಿದು ಎಳೆಯಿತು. ಕೆಂಚಪ್ಪ ಚೀರುತ್ತಾ ಬಿಲದಿಂದ ಕಿತ್ತುಕೊಂಡು ಈಚೆ ಬಿದ್ದ. ಹೊಟ್ಟೆ ಹಿಡಿದುಕೊಂಡು ಕುಂಟುತ್ತಾ ಓಡತೊಡಗಿದ.

ಮೇಲಿನಿಂದ ಚೆಲುವರಾಯ ಕತ್ತು ಚಾಚಿ ಕೇಳಿದ: "ಏನು ಕೆಂಚಪ್ಪಣ್ಣ, ಒಪ್ಪೊತ್ತು ಚೆನ್ನಾಗಿ ಆಯಿತಾ?"

ಮುಸುವಜ್ಜಿ ಬಿದ್ದು ಬಿದ್ದು ನಕ್ಕಳು. ನರಿ ತಿರುಗಿ ನೋಡಲಿಲ್ಲ. ಹಳ್ಳ ದಾಟಿ ಹೋದವನು ಮತ್ತೆ ಆ ದಂಡೆಗೆ ಬರಲಿಲ್ಲ.

ಚೆಲುವರಾಯ ಅಜ್ಜಿ ಹೇಳಿದ ಹಾಗೆಯೇ ನಡೆದುಕೊಂಡ. ಒಂದೆರಡು ಸಂಜೆ ಆಸೆ ತಡೆಯದೆ ಹತ್ತು ಹಣ್ಣು ತಿಂದದ್ದೂ ಉಂಟು. ಆದರೆ ಅದಕ್ಕಾಗಿ ಮರುದಿನ ಬೆಳಿಗ್ಗೆ ಹೊಟ್ಟೆ ಕಟ್ಟಲಿಲ್ಲ. ಎಂದಿನಂತೆ ತಿಂದು, ಎಂದಿನಂತೆ ನಡೆದ. ಐದನೇ ಕೊಂಬೆ ಸಿಕ್ಕಿತು. ಇನ್ನಷ್ಟು ದಿನಕ್ಕೆ ಆರನೆಯದೂ ಸಿಕ್ಕಿತು. ಮೊದಲ ಮಳೆ ಬಿದ್ದ ದಿನ ಅವನು ಹುಲ್ಲುಗಾವಲಿನಲ್ಲಿ ಗರಿ ಬಿಚ್ಚಿ ದಣಿಯುವಷ್ಟು ಕುಣಿದ. ಸಂಜೆ ನಾಲ್ಕು ಹಣ್ಣು ತಿಂದು, ಕೊಕ್ಕು ಒರೆಸಿಕೊಂಡು, ಏಳನೇ ಕೊಂಬೆಗೆ ಹಾರಿ ಕುಳಿತ.

"ಬಂದೆಯಾ ಮಗಾ?" ಎಂದಳು ಅಲ್ಲಿಗೇ ಇಳಿದು ಬಂದಿದ್ದ ಮುಸುವಜ್ಜಿ, ಮಗ್ಗುಲು ಸರಿದು ಜಾಗ ಕೊಡುತ್ತಾ.

ನೀತಿ: ದಿನವೆಲ್ಲ ಹೊಟ್ಟೆ ಒಣಗಿಸಿ ಒಂದೇ ಹೊತ್ತಿಗೆ ತುಂಬಿದರೆ ಮೈ ಹಗುರಾಗುವುದಿಲ್ಲ, ಬೆಳಿಗ್ಗೆ ಚೆನ್ನಾಗಿ, ಮಧ್ಯಾಹ್ನ ಹಿತವಾಗಿ, ಸಂಜೆ ಮಿತವಾಗಿ ತಿನ್ನಬೇಕು. ಪಥ್ಯ ಹೇಳುವವನ ಹೊಟ್ಟೆಯಲ್ಲೇನಿದೆ ಎಂಬುದನ್ನೂ ಮೊದಲು ನೋಡಿಕೊಳ್ಳಬೇಕು.